ತಂತಿ ಕಟ್ಟಿದ ಟೊಂಗೆ

ನಮ್ಮ ಹಿತ್ತಲಿನ ಪೇರಲ ಗಿಡವನ್ನು ನನ್ನ ಅಜ್ಜಿ ಎರಡು ಪಾಲು ಮಾಡಿದಳು. ಹೊಲ ಪಾಲಾಗುವುದನ್ನು ನೋಡಿದ್ದೇನೆ, ಮನೆ ಪಾಲಾಗುವುದನ್ನೂ ನೋಡಿದ್ದೇನೆ. ನಿಂತ ಗಿಡವನ್ನು ಪಾಲು ಮಾಡಿದವರನ್ನು ಬೇರೆಲ್ಲೂ ನೋಡಿಲ್ಲ. ಅಜ್ಜಿಗೆ ನಾವು ಆಯಿ ಎನ್ನುತ್ತಿದ್ದೆವು. ಆಯಿ ಕೊಡಲಿ ಹಿಡಿಯಲಿಲ್ಲ, ಬಾಯಿಮಾತಿನಲ್ಲೇ ಮುಗಿಸಿದಳು. ನನ್ನ ಸೊಂಟದ ಎತ್ತರದಲ್ಲಿ ಆ ಗಿಡ ಕವಲೊಡೆದು ಎರಡು ದಪ್ಪ ಟೊಂಗೆಗಳಾಗಿತ್ತು. ಒಂದು ಬಚ್ಚಲಿನ ಕಡೆ ಬಾಗಿತ್ತು, ಇನ್ನೊಂದು ಅಡಿಗೆಮನೆಯ ಕಿಟಕಿಯ ಕಡೆ. ಒಂದೇ ಒಂದು ಹಣ್ಣಿಗಾಗಿ ನಾನೂ ನೀಲಾಳೂ ಒಬ್ಬರ ಜಡೆ ಒಬ್ಬರು ಹಿಡಿದು ಅರಿವೆ ಒಗೆಯುವ ಕಲ್ಲಿನ ಮೇಲೆ ಬಿದ್ದ ಮಧ್ಯಾಹ್ನ, ಆಯಿ ಹಿತ್ತಲ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು.

“ಬಚ್ಚಲ ಕಡಿ ಟೊಂಗಿ ಶಕ್ಕೂಂದು. ಕಿಡಕಿ ಕಡಿ ಟೊಂಗಿ ನೀಲವ್ವಂದು. ಇನ್ನ ಒಬ್ಬರ ಟೊಂಗಿಗೆ ಒಬ್ಬರು ಕೈ ಹಚ್ಚಿದ್ರ ಕೈ ಮುರೀತೇನಿ.”

ಕೈ ಮುರಿಯುವ ಮಾತು ಆಡುವಾಗ ಆಯಿ ನೋಡಿದ್ದು ನನ್ನನ್ನು ಮಾತ್ರ. ನೀಲಾಳನ್ನು ಹತ್ತಿರ ಕರೆದು, ಅವಳ ಲಂಗಕ್ಕೆ ಹತ್ತಿದ ಮಣ್ಣು ಜಾಡಿಸಿ, ಬಿಚ್ಚಿಹೋದ ಜಡೆಯನ್ನು ಮತ್ತೆ ಹೆಣೆದಳು. ನನ್ನ ಜಡೆಯೂ ಬಿಚ್ಚಿತ್ತು. ಅದನ್ನು ನಾನೇ ಹೆಣೆದುಕೊಂಡೆ, ಅದೂ ಸೊಟ್ಟಗೆ.

ನೀಲಾ ನನ್ನ ಸೋದರತ್ತೆಯ ಮಗಳು, ನನ್ನ ಓರಗೆಯವಳು. ಅಮ್ಮಿನಬಾವಿಗೆ ಕೊಟ್ಟಿದ್ದ ಅತ್ತೆ ಜಡ್ಡಿನಲ್ಲಿ ತೀರಿಕೊಂಡ ಮೇಲೆ ಅಪ್ಪ ಹೋಗಿ ಅವಳನ್ನು ಉಣಕಲ್ಲಿನ ನಮ್ಮ ಮನೆಗೆ ಕರೆತಂದ. ಆಯಿಗೆ ಅವಳು ತೀರಿಹೋದ ಮಗಳ ಮಗಳು. ಅಪ್ಪನಿಗೆ ಅಕ್ಕನ ಕೊನೆಯ ಗುರುತು. ನನ್ನ ಅವ್ವನಿಗೆ ತಾಯಿಯಿಲ್ಲದ ಕೂಸು. ಎಲ್ಲರಿಗೂ ಅವಳು ಏನೋ ಒಂದು ಆಗಿದ್ದಳು. ನನಗೆ ಅವಳು ನನ್ನ ಜಾಗದಲ್ಲಿ ಬಂದು ಕೂತವಳು, ಅಷ್ಟೆ. ಅವಳು ಬರುವ ತನಕ ಈ ಮನೆಗೆ ನಾನೊಬ್ಬಳೇ ಮಗಳು. ಅವಳು ಬಂದ ಮೇಲೆ ಮನೆಯ ಮಗಳು ಯಾರು ಎನ್ನುವುದು ದಿನಾ ಬೆಳಗಾದರೆ ಹೊಸದಾಗಿ ಏಳುವ ಪ್ರಶ್ನೆಯಾಯಿತು, ದಿನಾ ಅದಕ್ಕೆ ಒಂದೇ ಉತ್ತರ ಸಿಗುತ್ತಿತ್ತು. ನನಗೆ ಹೊಟ್ಟೆಕಿಚ್ಚು ಇತ್ತು. ಅದನ್ನು ಬೇರೆ ಹೆಸರಿನಿಂದ ಕರೆಯುವ ವಯಸ್ಸು ಈಗ ನನ್ನದಲ್ಲ, ಆಗಲೂ ಆಗಿರಲಿಲ್ಲ. ಆ ಕಿಚ್ಚಿಗೆ ನಾನು ನಾಚಿಕೆಪಟ್ಟವಳೂ ಅಲ್ಲ. ಒಂದೇ ಒಲೆಯ ಮುಂದೆ ಇಬ್ಬರನ್ನು ಕೂರಿಸಿ ಒಬ್ಬಳಿಗೆ ಮೊದಲ ರೊಟ್ಟಿ ಹಾಕಿದರೆ, ಇನ್ನೊಬ್ಬಳಿಗೆ ಏನಾಗಬೇಕೋ ಅದೇ ಆಯಿತು.

ಆ ಮೊದಲ ರೊಟ್ಟಿಯ ಮಾತನ್ನು ಹೇಳಲೇಬೇಕು. ನಮ್ಮದು ರಸ್ತೆಯಿಂದ ಹಿತ್ತಲಿನವರೆಗೆ ಉದ್ದಕ್ಕೆ ಹೋಗುವ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ದೀಪ ಬೇಡುವ ನಡುಮನೆ, ಅಲ್ಲೇ ದೇವರ ಜಗುಲಿ, ಆಮೇಲೆ ಅಡಿಗೆಮನೆ, ಬಚ್ಚಲು, ಹಿತ್ತಲು. ಬೆಳಿಗ್ಗೆ ಅಪ್ಪ ಹುಬ್ಬಳ್ಳಿಯ ಅರಳೆ ಅಂಗಡಿಗೆ ಬಸ್ಸು ಹಿಡಿದ ಮೇಲೆ, ಆಯಿಯ ಲಿಂಗಪೂಜೆ ಮುಗಿದ ಮೇಲೆ, ನಮಗಿಬ್ಬರಿಗೂ ಒಲೆಯ ಮುಂದೆ ತಾಟು ಬೀಳುತ್ತಿದ್ದವು. ಅವ್ವ ಹಂಚಿನಿಂದ ಇಳಿಸಿದ ಮೊದಲ ಜೋಳದ ರೊಟ್ಟಿ ಉಬ್ಬಿ ಹೊಗೆಯಾಡುತ್ತಿರುತ್ತಿತ್ತು. ಅದು ನೀಲಾಳ ತಾಟಿಗೆ. ಅದರ ಮೇಲೆ ಮೊಸರಿನ ಕೆನೆ, ಕೆನೆಯ ಮೇಲೆ ಶೇಂಗಾದ ಹಿಂಡಿ. ಎರಡನೆಯ ರೊಟ್ಟಿ ನನಗೆ, ಅಷ್ಟರಲ್ಲಿ ಕೆನೆ ಮುಗಿದು ಬರೀ ಮೊಸರು ಉಳಿದಿರುತ್ತಿತ್ತು. ಉಂಡಾದ ಮೇಲೆ ನೀಲಾ ತನ್ನ ತಾಟು ಎತ್ತಿಕೊಂಡು ಬಚ್ಚಲ ಕಡೆ ಹೊರಡುತ್ತಿದ್ದಳು. ಅವಳು ದಿನಾ ಹೊರಡುತ್ತಿದ್ದಳು, ದಿನಾ ಆಯಿ ತಡೆಯುತ್ತಿದ್ದಳು.

“ನೀ ಬಿಡವಾ, ನೀ ಯಾಕ ತೊಳೀತಿ. ಶಕ್ಕೂ, ತಗೋ ಅಕಿ ಕೈಯಾಗಿಂದು.”

ಎರಡೂ ತಾಟು ನಾನೇ ತೊಳೆಯುತ್ತಿದ್ದೆ. ನೀಲಾ ಕಸಬರಿಗೆ ಹಿಡಿದರೆ ಕಸಬರಿಗೆ ನನ್ನ ಕೈಗೆ ಬರುತ್ತಿತ್ತು. ಅವಳು ಕೊಡ ಎತ್ತಿದರೆ ಕೊಡ ನನ್ನ ಸೊಂಟಕ್ಕೆ ಬರುತ್ತಿತ್ತು. ತಾಟಿನ ಅಂಚಿನಲ್ಲಿ ಜಿಡ್ಡು ಉಳಿದರೆ ಬೈಗುಳವೂ ನನಗೇ. ಆಯಿ ಬೈಯುವುದೆಂದರೆ ಸುಮ್ಮನೆ ಬೈಯುವುದಲ್ಲ. ನನ್ನ ನಡಿಗೆ, ನನ್ನ ಕೈ, ಮುಂದೆ ನಾನು ಹೋಗಲಿರುವ ಅತ್ತೆಮನೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಜಾಲಾಡಿಸುತ್ತಿದ್ದಳು. ನೀಲಾ ಪಡಸಾಲೆಯ ಕಂಬಕ್ಕೆ ಒರಗಿ ಅದನ್ನೆಲ್ಲ ಕೇಳುತ್ತ ನಿಂತಿರುತ್ತಿದ್ದಳು. ಅವಳಿಗೆ ಮೋಜು ಎನಿಸುತ್ತಿದೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಈಗ ತಂತಿಯ ವಿಷಯ. ನಮ್ಮ ಕಡೆ ಪಂಚಮಿ ಎಂದರೆ ಜೋಕಾಲಿ. ಶ್ರಾವಣ ಬಂತೆಂದರೆ ಮನೆಮನೆಯಲ್ಲೂ ಹಗ್ಗ ಇಳಿಬೀಳುತ್ತದೆ, ಹೆಂಗಸರು ಮಕ್ಕಳು ಎನ್ನದೆ ಎಲ್ಲರೂ ಉಂಡಿ ತಿಂದು ಜೀಕುತ್ತಾರೆ. ನಮ್ಮ ಮನೆಯಲ್ಲಿ ಜೋಕಾಲಿಗೆಂದು ಬೇರೆ ಹಗ್ಗ ಇರಲಿಲ್ಲ. ವರ್ಷವಿಡೀ ಹಿತ್ತಲಿನಲ್ಲಿ ಅರಿವೆ ಒಣಗಿಸಲು ಕಟ್ಟಿದ ಹಗ್ಗವನ್ನೇ ಪಂಚಮಿಗೆ ಬಿಚ್ಚಿ, ತೊಳೆದು, ಅರಿಶಿನ ಹಚ್ಚಿ ಪಡಸಾಲೆಯ ತೊಲೆಗೆ ಕಟ್ಟುತ್ತಿದ್ದರು. ಹಬ್ಬ ಮುಗಿದ ಮೇಲೆ ಅದು ಮತ್ತೆ ಹಿತ್ತಲಿಗೆ ಹೋಗಿ, ಒಂದು ತುದಿ ಗೋಡೆಯ ಕೊಂಡಿಗೆ, ಇನ್ನೊಂದು ಪೇರಲ ಗಿಡದ ಕಿಟಕಿ ಕಡೆಯ ಟೊಂಗೆಗೆ. ಹೀಗೆ ಆ ಟೊಂಗೆಯ ಗಂಟು ವರ್ಷಕ್ಕೊಮ್ಮೆ ಬಿಚ್ಚುತ್ತಿತ್ತು. ಗಿಡಕ್ಕಾಗಿ ಯಾರೂ ಬಿಚ್ಚುತ್ತಿರಲಿಲ್ಲ, ಹಬ್ಬಕ್ಕಾಗಿ ಬಿಚ್ಚುತ್ತಿದ್ದರು.

ನೀಲಾ ಬಂದ ವರ್ಷದ ಪಂಚಮಿ ಮುಗಿದು ಕಾಕಾ ಜೋಕಾಲಿ ಬಿಚ್ಚಲು ತೊಲೆಗೆ ಏಣಿ ಹಚ್ಚಿದ. ಕಾಕಾ ಎಂದರೆ ಅಪ್ಪನ ತಮ್ಮ, ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ನೀಲಾ ಬೇಡ ಎನ್ನಲಿಲ್ಲ, ಅಳಲಿಲ್ಲ. ಜೋಕಾಲಿಯ ಮಣೆಯ ಮೇಲೆ ಕೂತವಳು ಎದ್ದು ಪಕ್ಕಕ್ಕೆ ನಿಂತಳು, ಅಷ್ಟೆ. ಅವಳು ಹಾಗೆ ಎದ್ದು ನಿಂತದ್ದನ್ನು ನೋಡಿ ಆಯಿ ಬಂದು ಕಾಕಾನ ಏಣಿ ಹಿಡಿದು ನಿಲ್ಲಿಸಿದಳು.

“ಇರಲಿ ಬಿಡೋ. ಕೂಸಿಗೆ ಜೋಕಾಲಿ ಇರಲಿ. ಅರಿವಿ ಒಣಗಸಾಕ ಬ್ಯಾರೆ ತಂತಿ ತಾ.”

“ವರ್ಷಗಟ್ಲೆ ಪಡಸಾಲ್ಯಾಗ ಜೋಕಾಲಿ ಯಾರ ಮನ್ಯಾಗ ಇರತೈತಿ ಅವ್ವಾ?”

“ನಮ್ಮ ಮನ್ಯಾಗ ಇರತೈತಿ.”

ನಾನು ಹುಟ್ಟಿದಾಗಿನಿಂದ ಪ್ರತಿ ಪಂಚಮಿಗೂ ಜೋಕಾಲಿ ಬಿಚ್ಚಬೇಡಿ ಎಂದು ನೆಲಕ್ಕೆ ಬಿದ್ದು ಅತ್ತವಳು ನಾನು. ನನಗಾಗಿ ಯಾರೂ ತಂತಿ ತಂದಿರಲಿಲ್ಲ. ಕಾಕಾ ಮರುದಿನವೇ ದಪ್ಪನೆಯ ಕಬ್ಬಿಣದ ತಂತಿ ತಂದು, ಕಿಟಕಿ ಕಡೆಯ ಟೊಂಗೆಗೆ ಎರಡು ಸುತ್ತು ಸುತ್ತಿ, ಇಕ್ಕಳದಿಂದ ತಿರುವಿ ತಿರುವಿ ಬಿಗಿದ. ತನ್ನ ಕೆಲಸದ ಮೇಲೆ ಅವನಿಗೆ ಬಹಳ ಅಭಿಮಾನ.

“ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದು ಬಿಚ್ಚೂದಿಲ್ಲ ನೋಡ್ರಿ.”

ಆಮೇಲೆ ಆದದ್ದೇ ಗಿಡದ ಪಾಲು. ಪಾಲು ಮಾಡಿದಾಗ ಎರಡೂ ಟೊಂಗೆ ಒಂದೇ ಥರ ಕಾಯಿ ಬಿಡುತ್ತಿದ್ದವು, ಅದಕ್ಕೇ ನಾನು ಸುಮ್ಮನೆ ಒಪ್ಪಿಕೊಂಡಿದ್ದೆ. ಆದರೆ ಮುಂದಿನ ವರ್ಷದಿಂದ ನೀಲಾಳ ಟೊಂಗೆಗೆ ಏನು ಹಿಡಿಯಿತೋ. ಅವಳ ಹಣ್ಣು ನನ್ನ ಮುಷ್ಟಿಯಲ್ಲಿ ಹಿಡಿಯದಷ್ಟು ದಪ್ಪ, ಕಚ್ಚಿದರೆ ಸಕ್ಕರೆ. ಹೂವೂ ಲಗೂನೆ, ಹಣ್ಣೂ ಲಗೂನೆ. ನನ್ನ ಟೊಂಗೆಯಲ್ಲಿ ಎಲೆ ಬೇಕಾದಷ್ಟು, ಹಣ್ಣು ಮಾತ್ರ ಸಣ್ಣ, ಒಳಗೆಲ್ಲ ಬೀಜ. ಓಣಿಯವರು ಹಿತ್ತಲಿಗೆ ಬಂದು ನೋಡಿ ಹೋಗುತ್ತಿದ್ದರು. ಒಂದೇ ಬೇರು, ಒಂದೇ ಬುಡ, ಎರಡು ಥರದ ಹಣ್ಣು. ಆಯಿ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು.

“ನಮ್ಮ ನೀಲವ್ವನ ಕೈಗುಣ.”

ಕೈಗುಣದ ಮಾತಿಗೆ ಇನ್ನೊಂದು ಕಾರಣವೂ ಇತ್ತು. ಶಾಲೆಯಲ್ಲಿ ನಮಗೆ ಗಿಡ ನೀರು ಕುಡಿಯುವುದನ್ನು ಮನೆಯಲ್ಲಿ ಮಾಡಿ ನೋಡಲು ಹೇಳಿದ್ದರು. ಬಣ್ಣದ ನೀರಿನಲ್ಲಿ ಬಿಳಿ ಹೂವಿನ ದಂಟು ಇಡಬೇಕು. ನೀಲಾ ಅಪ್ಪನ ನೀಲಿ ಶಾಯಿಯನ್ನು ನೀರಿಗೆ ಬೆರೆಸಿ ಬಿಳಿ ಸೇವಂತಿಗೆ ಇಟ್ಟಳು. ಬೆಳಗಾಗುವಷ್ಟರಲ್ಲಿ ಎಸಳಿನ ತುದಿಗಳಲ್ಲಿ ನೀಲಿ ಕಾಣಿಸಿತು, ಮಧ್ಯಾಹ್ನಕ್ಕೆ ಎಸಳಿನ ಸಣ್ಣ ನರಗಳೆಲ್ಲ ನೀಲಿಯಾಗಿ ಎದ್ದು ಕಂಡವು. ಮನೆಯವರೆಲ್ಲ ಸುತ್ತ ಕೂತು ನೋಡಿದರು; ಅಪ್ಪ ಅಂಗಡಿಗೆ ಹೋಗುವವನು ಚಪ್ಪಲಿ ಮೆಟ್ಟಿದವನು ಮತ್ತೆ ಬಿಟ್ಟು ಒಳಗೆ ಬಂದ. ನಾನು ಅವಳಂತೆ ಶಾಯಿ ಹಾಕುತ್ತೇನೆಯೇ. ಜಗುಲಿಯ ಮೇಲಿನ ಕುಂಕುಮದ ಭರಣಿಯಿಂದ ಒಂದು ಹಿಡಿ ತೆಗೆದು ನೀರಿಗೆ ಸುರಿದೆ. ನನ್ನ ಹೂವು ಕೆಂಪಾಗುತ್ತದೆ, ದೇವರ ಕುಂಕುಮದ ಕೆಂಪು, ಶಾಯಿಯ ನೀಲಿ ಅದರ ಮುಂದೆ ಏನು ಎಂದುಕೊಂಡೆ. ಕುಂಕುಮ ಲೋಟದ ತಳದಲ್ಲಿ ಕೆಸರಿನ ಹಾಗೆ ಕೂತಿತು. ಹೂವು ಬಿಳಿಯಾಗಿಯೇ ಇದ್ದು, ಬಿಳಿಯಾಗಿಯೇ ಬಾಡಿತು. ಕುಂಕುಮ ದಂಡ ಮಾಡಿದ್ದಕ್ಕೆ ಆಯಿಯ ಬೈಗುಳ ಬೇರೆ. ನೀರಿನಲ್ಲಿ ಕರಗಿದ್ದು ಮಾತ್ರ ದಂಟಿನೊಳಗೆ ಏರುತ್ತದೆ, ಕರಗದೆ ಕೂತದ್ದು ಎಷ್ಟೇ ಪವಿತ್ರವಾಗಿದ್ದರೂ ಏರುವುದಿಲ್ಲ ಎಂದು ಆಗ ನನಗೆ ಹೇಳಿದವರಿಲ್ಲ. ನೀಲಾಳ ಕೈ ಹಚ್ಚಿದರೆ ಹೂವು ಬಣ್ಣ ಕುಡಿಯುತ್ತದೆ, ನನ್ನ ಕೈ ಹಚ್ಚಿದರೆ ಕುಡಿಯುವುದಿಲ್ಲ ಎಂದೇ ಮನೆಯಲ್ಲಿ ಮಾತಾಯಿತು.

ಕೈಗುಣವನ್ನು ಕೈಬಲದಿಂದ ಸೋಲಿಸಬೇಕೆಂದು ನಾನು ಹೊರಟೆ. ಬಚ್ಚಲಿನ ಹಂಡೆಯಲ್ಲಿ ಉಳಿದ ನೀರನ್ನು ತಂದು ತಂದು ಗಿಡದ ಬುಡಕ್ಕೆ, ಬಚ್ಚಲ ಕಡೆಯ ಮಗ್ಗುಲಿಗಷ್ಟೇ ಸುರಿಯುತ್ತಿದ್ದೆ. ಕಿಟಕಿ ಕಡೆಯ ಮಗ್ಗುಲಿಗೆ ಹರಿದು ಹೋಗಬಾರದೆಂದು ನಡುವೆ ಮಣ್ಣಿನ ಒಡ್ಡು ಕಟ್ಟಿದೆ. ದನದ ಗೊಬ್ಬರವನ್ನೂ ನನ್ನ ಮಗ್ಗುಲಿಗೇ ಹಾಕಿದೆ. ಒಂದು ರವಿವಾರ ಅಪ್ಪ ಹಲ್ಲುಜ್ಜುತ್ತ ಹಿತ್ತಲಿಗೆ ಬಂದವನು ನನ್ನ ಒಡ್ಡನ್ನು ನೋಡಿದ.

“ಇದೇನ ಮಾಡಾಕತ್ತಿಯವಾ?”

“ನನ್ನ ಟೊಂಗಿಗೆ ನೀರು ಹಾಕಾಕತ್ತೇನಿ.”

“ನೀ ಯಾವ ಕಡೆ ಹಾಕಿದ್ರೂ ಬೇರು ಕುಡೀತೈತಿ, ಇಬ್ಬರಿಗೂ ಹಂಚತೈತಿ. ಗಿಡಕ್ಕ ನಿಮ್ಮ ಜಗಳ ಗೊತ್ತೈತೇನು?”

ಅಪ್ಪ ನಕ್ಕು ಬಾಯಿ ಮುಕ್ಕಳಿಸಿದ. ನನ್ನ ಎದೆಗೆ ಬೆಂಕಿ ಬಿತ್ತು. ಇಷ್ಟು ದಿನ ನಾನು ಹೊತ್ತ ನೀರೆಲ್ಲ ಅವಳ ಹಣ್ಣಿಗೂ ಹೋಗಿತ್ತು. ಅವಳ ಹಣ್ಣು ನನ್ನ ನೀರು ಕುಡಿದು ದಪ್ಪವಾಗಿತ್ತು. ಅಂದಿನಿಂದ ನೀರು ಹಾಕುವುದನ್ನು ಬಿಟ್ಟೆ. ಆಗ ಆಯಿ ಗಿಡ ಒಣಗುತ್ತದೆ ಎಂದು ಬೈದು ಮತ್ತೆ ಹಾಕಿಸಿದಳು. ನೀಲಾ ಕೊಡ ಹಿಡಿದು ಬಂದರೆ ಅದೇ ಮಾತು, ನೀ ಬಿಡವಾ.

ನೀಲಾಳ ಹಣ್ಣು ತಿನ್ನಲು ಸಿಗುತ್ತಿರಲಿಲ್ಲವೆಂದಲ್ಲ. ಅವಳು ಹಣ್ಣು ಕಿತ್ತ ಕೂಡಲೇ ಎರಡು ಹೋಳು ಮಾಡಿ ಒಂದನ್ನು ನನ್ನ ಮುಂದೆ ಹಿಡಿಯುತ್ತಿದ್ದಳು. ನಾನು ಮೂತಿ ತಿರುವುತ್ತಿದ್ದೆ. ಅವ್ವನಿಗೆ ಕೊಡಲು ಹೋದರೆ ಅವ್ವ ‘ನೀ ತಿನ್ನವಾ, ಬೆಳಿಯೂ ಕೂಸು’ ಎನ್ನುತ್ತಿದ್ದಳು. ಆಯಿಯೂ ಹಾಗೇ. ಕೊನೆಗೆ ಎರಡೂ ಹೋಳು ಅವಳೇ ತಿನ್ನುತ್ತಿದ್ದಳು, ಜೋಕಾಲಿಯ ಮಣೆಯ ಮೇಲೆ ಕೂತು, ಕಾಲಿನಿಂದ ನೆಲ ಒತ್ತುತ್ತ, ಸದ್ದಿಲ್ಲದೆ. ಅವಳು ತಿನ್ನುವುದನ್ನು ನಾನು ನಡುಮನೆಯ ಕತ್ತಲಲ್ಲಿ ನಿಂತು ನೋಡುತ್ತಿದ್ದೆ. ನನಗೆ ಆ ಹಣ್ಣು ಬೇಕಾಗಿತ್ತು, ಆದರೆ ಅವಳು ಕೊಟ್ಟದ್ದಾಗಿ ಬೇಡವಾಗಿತ್ತು.

ಕೆಲವು ವರ್ಷ ಹೀಗೇ ನಡೆಯಿತು. ನಾವಿಬ್ಬರೂ ಲಂಗ ಬಿಟ್ಟು ದಾವಣಿ ಉಡುವ ಹೊತ್ತಿಗೆ ನೀಲಾಳ ಟೊಂಗೆಯ ಎಲೆಗಳಲ್ಲಿ ಹಳದಿ ಕಾಣಿಸಿತು. ಮೊದಲು ನನಗೆ ಖುಷಿಯಾಯಿತು. ಆಮೇಲೆ ಎಲೆ ಉದುರಿದವು, ಕಾಯಿ ಗೋಲಿಯಷ್ಟಾಗಿ ನಿಂತವು. ತಂತಿ ಅಷ್ಟರಲ್ಲಿ ಟೊಂಗೆಯೊಳಗೆ ಹೂತು ಹೋಗಿತ್ತು. ಅದರ ಮೇಲುಭಾಗ ನಾದಿಟ್ಟ ಹಿಟ್ಟಿನ ಹಾಗೆ ಉಬ್ಬಿತ್ತು, ಕೆಳಭಾಗ ತೆಳ್ಳಗೆ ಉಳಿದಿತ್ತು. ಅದನ್ನು ಎಲ್ಲರೂ ನೋಡಿದ್ದೆವು. ಮೇಲಿನ ಉಬ್ಬನ್ನು ಆಯಿ ಪುಷ್ಟಿ ಎಂದೇ ತಿಳಿದಿದ್ದಳು. ಒಣಗುವ ಟೊಂಗೆಗೆ ನೀರಿನ ಕೊರತೆ ಎಂದು ಎಲ್ಲರೂ ನೀರು ಹಾಕಿದರು, ಅಪ್ಪ ಬೇವಿನ ಹಿಂಡಿ ತರಿಸಿದ. ನಾನೂ ಕೊಡ ಕೊಡ ಹೊತ್ತೆ, ಬೇರೆ ದಾರಿ ಇರಲಿಲ್ಲ. ತಂತಿಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ, ಯಾಕೆಂದರೆ ಅದರ ಮೇಲೆ ದಿನಾ ನಮ್ಮ ಒದ್ದೆ ಅರಿವೆಗಳು ತೂಗುತ್ತಿದ್ದವು.

ಟೊಂಗೆ ಪೂರಾ ಒಣಗಿದ ಮೇಲೆ ಕಾಕಾ ಗರಗಸ ತಂದು ತಂತಿಯ ಕೆಳಗೆ ಕೊಯ್ದ. ಹಿತ್ತಲ ತುಂಬ ಒಣ ಎಲೆ. ನೀಲಾ ಕಸಬರಿಗೆ ತೆಗೆದುಕೊಂಡು ಆ ಎಲೆ ಗುಡಿಸಲು ಬಗ್ಗಿದಳು. ಆಯಿ ಒಳಗಿನಿಂದ ಓಡಿ ಬಂದಳು.

“ನೀ ಯಾಕವಾ ಕಸಾ ಹೊಡೀತಿ, ಶಕ್ಕೂ ಸತ್ತಾಳೇನು?”

ನೀಲಾ ಕಸಬರಿಗೆ ಬಿಡಲಿಲ್ಲ. ಅದೊಂದೇ ಸಲ ನೋಡಿದ್ದು ನಾನು, ಅವಳು ಆಯಿಯ ಎದುರು ಒಂದು ವಸ್ತುವನ್ನು ಗಟ್ಟಿಯಾಗಿ ಹಿಡಿದದ್ದು. ಆಯಿ ಒಂದು ತುದಿ, ಅವಳು ಒಂದು ತುದಿ. ಆಮೇಲೆ ಅವಳ ಬೆರಳು ಸಡಿಲವಾದವು, ಕಸಬರಿಗೆ ನನ್ನ ಕೈಗೆ ಬಂತು. ಅವಳ ಎಲೆಯನ್ನೂ ನಾನೇ ಗುಡಿಸಿದೆ. ಆ ವರ್ಷ ಹತ್ತನೆಯ ಇಯತ್ತೆ ಮುಗಿದ ಕೂಡಲೇ ಅವಳ ಅಪ್ಪ ಅಮ್ಮಿನಬಾವಿಯಿಂದ ಬಂದು, ಇನ್ನು ಮಗಳು ನಮ್ಮಲ್ಲಿರಲಿ ಎಂದ. ಆಯಿ ಅತ್ತಳು, ಅಪ್ಪ ತಡೆಯಲಿಲ್ಲ. ನೀಲಾ ಒಳಗೆ ಹೋಗಿ ತನ್ನ ಟ್ರಂಕು ತಂದಳು. ಅದು ಮೊದಲೇ ತುಂಬಿ ಇಟ್ಟಿತ್ತು. ಅವಳು ಹೋದ ಮರುದಿನ ಮೊದಲ ರೊಟ್ಟಿ ನನ್ನ ತಾಟಿಗೆ ಬಿತ್ತು. ನನಗೆ ಅದು ಸೇರಿತು, ಸೇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನನ್ನ ಟೊಂಗೆಗೂ ಆ ವರ್ಷದಿಂದ ಹಣ್ಣು ದಪ್ಪವಾಗತೊಡಗಿದವು. ಆಯಿ ಮಾತ್ರ ಅವನ್ನು ತಿನ್ನುವಾಗ ಪ್ರತಿ ಸಲವೂ ನೀಲವ್ವನ ಹಣ್ಣಿನ ರುಚಿ ಇದಕ್ಕಿಲ್ಲ ಎನ್ನುತ್ತಿದ್ದಳು.

ಧಾರವಾಡದಲ್ಲಿ ಕಾಲೇಜು ಸೇರಿ ಸಸ್ಯಶಾಸ್ತ್ರ ತೆಗೆದುಕೊಂಡೆ. ಕುಂಕುಮದ ಅವಮಾನವನ್ನು ತೀರಿಸಿಕೊಳ್ಳಲೆಂದೇ ತೆಗೆದುಕೊಂಡೆ ಎಂದು ಗೆಳತಿಯರಿಗೆ ತಮಾಷೆ ಮಾಡುತ್ತಿದ್ದೆ, ಅದು ಅರ್ಧ ಖರೇ. ಒಂದು ದಿನ ತರಗತಿಯಲ್ಲಿ ಮೇಡಂ ಹಲಗೆಯ ಮೇಲೆ ಗಿಡದ ಟೊಂಗೆಯ ಅಡ್ಡಕೊಯ್ತ ಬರೆದು, ಗಿಡದಲ್ಲಿ ಎರಡು ದಾರಿಗಳಿವೆ ಎಂದು ಹೇಳಿದರು. ಒಳಗಿನ ಕಟ್ಟಿಗೆಯಲ್ಲಿರುವ ಸಣ್ಣ ಕೊಳವೆಗಳಲ್ಲಿ ನೀರು ಏರುತ್ತದೆ, ನೀರಿನಲ್ಲಿ ಕರಗಿದ ಮಣ್ಣಿನ ಸಾರವೂ ಏರುತ್ತದೆ. ಬಿಸಿಲಿಗೆ ಎಲೆಗಳಿಂದ ನೀರು ಆವಿಯಾಗಿ ಹೋದ ಹಾಗೆಲ್ಲ ಕೆಳಗಿನ ನೀರನ್ನು ಎಲೆಯೇ ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದು ಕ್ಸೈಲಂ. ಇನ್ನೊಂದು ದಾರಿ ತೊಗಟೆಯ ಒಳಮೈಗೆ ಅಂಟಿಕೊಂಡಿದೆ. ಎಲೆ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಆ ದಾರಿಯಿಂದ ಹಣ್ಣಿಗೆ ಹೋಗುತ್ತದೆ, ಉಳಿದದ್ದು ಕೆಳಗೆ ಇಳಿದು ಬೇರಿಗೆ ಹೋಗುತ್ತದೆ. ಅದು ಫ್ಲೋಯಂ. ಟೊಂಗೆಯ ಸುತ್ತ ತೊಗಟೆಯನ್ನು ಉಂಗುರದಂತೆ ಕತ್ತರಿಸಿದರೆ, ಇಲ್ಲವೆ ಬಿಗಿಯಾಗಿ ಏನಾದರೂ ಕಟ್ಟಿದರೆ, ನೀರು ಏರುತ್ತಲೇ ಇರುತ್ತದೆ, ಸಕ್ಕರೆ ಇಳಿಯುವುದಿಲ್ಲ. ಕಟ್ಟಿದ ಜಾಗದ ಮೇಲೆ ಉಬ್ಬು ಬರುತ್ತದೆ. ಮೇಲಿನ ಹಣ್ಣು ದಪ್ಪವಾಗುತ್ತದೆ, ಸಿಹಿಯಾಗುತ್ತದೆ, ಕೆಲವು ಕಾಲ. ಆಮೇಲೆ ಕಟ್ಟು ಒಳಗಿನ ನೀರಿನ ದಾರಿಯನ್ನೂ ಹಿಸುಕಿ ಟೊಂಗೆ ಒಣಗುತ್ತದೆ.

ನಾನು ಬರೆಯುವುದನ್ನು ನಿಲ್ಲಿಸಿದೆ. ಕಿಟಕಿ ಕಡೆಯ ಟೊಂಗೆಗೆ ಕೈಗುಣ ಇರಲಿಲ್ಲ, ಕಾಕಾನ ತಂತಿ ಇತ್ತು. ಅದು ಬೇರಿನಿಂದ ನೀರು ಕುಡಿಯುತ್ತಿತ್ತು, ಬೇರಿಗೆ ಏನನ್ನೂ ಕೊಡುತ್ತಿರಲಿಲ್ಲ. ಹಾಗಾದರೆ ಅಷ್ಟು ವರ್ಷ ಬೇರಿಗೆ ಅನ್ನ ಹಾಕಿದವರು ಯಾರು? ನನ್ನ ಟೊಂಗೆ. ನನ್ನ ಎಲೆಗಳು ಬೇಯಿಸಿದ್ದು ನನ್ನ ಹಣ್ಣಿಗೆ ಉಳಿಯದೆ ಕೆಳಗೆ ಇಳಿದು, ಬೇರನ್ನು ಸಾಕಿ, ಆ ಬೇರು ನೀಲಾಳ ಟೊಂಗೆಗೆ ನೀರು ಕಳಿಸಿತ್ತು. ಇಡೀ ಗಿಡವನ್ನು ಸಾಕಿದವಳು ನಾನು, ಹೆಸರು ಅವಳಿಗೆ. ಉಣಕಲ್ಲಿಗೆ ಬರುವ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಈ ಮಾತನ್ನು ಆಯಿಗೆ ಹೇಳಬೇಕಿತ್ತು, ಆಯಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು.

“ಹೌದೇನು? ಹಂಗಾದ್ರ ಆ ತಂತಿ ಕಟ್ಟಬಾರದಿತ್ತು, ಪಾಪ.”

ಪಾಪ ಎಂದದ್ದು ನನಗಲ್ಲ, ಆ ಒಣಗಿದ ಟೊಂಗೆಗೆ. ಕಟ್ಟಿಗೆಯ ರಾಶಿಯಲ್ಲಿ ಹುಡುಕಿ, ತಂತಿ ಹೂತು ಉಬ್ಬಿದ ಆ ತುಂಡನ್ನು ನಾನು ಎತ್ತಿಟ್ಟುಕೊಂಡೆ. ಮುಂದೆ ಧಾರವಾಡದಲ್ಲೇ ಶಿಕ್ಷಕಿಯಾದೆ, ನಿವೃತ್ತಿಯಾಗುವ ತನಕ ಮಕ್ಕಳಿಗೆ ಆ ತುಂಡನ್ನೇ ತೋರಿಸಿ ಎರಡು ದಾರಿಗಳ ಪಾಠ ಮಾಡಿದೆ. ನಿಜವಾಗಿ ತೋರಿಸಬೇಕಾದವಳು ನೀಲಾ ಒಬ್ಬಳೇ. ಅವಳು ಹುಬ್ಬಳ್ಳಿಯ ಕಾಳಿನ ವ್ಯಾಪಾರದ ಮನೆಗೆ ಮದುವೆಯಾಗಿ ಹೋಗಿ ಸುಖವಾಗಿದ್ದಳು. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಹತ್ತು ಜನರ ನಡುವೆ ಈ ಮಾತು ಎತ್ತಲು ಆಗುತ್ತಿರಲಿಲ್ಲ. ನಾನು ಕಾಯ್ದೆ. ಹೊಟ್ಟೆಕಿಚ್ಚಿಗೆ ತಾಳ್ಮೆ ಬಹಳ.

ಈ ವರ್ಷದ ಪಂಚಮಿಯ ಮರುದಿನ ಅವಳೇ ಫೋನು ಮಾಡಿ, ಉಂಡಿ ತರುತ್ತೇನೆ ಎಂದು ಬಸ್ಸು ಹಿಡಿದು ಬಂದಳು. ನಮ್ಮ ಯಜಮಾನರು ಗೆಳೆಯರ ಮನೆಗೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ಕೂದಲು ಬೆಳ್ಳಗಾಗಿದೆ, ಮೊಣಕಾಲು ನೋಯುತ್ತದೆ ಎಂದಳು, ಆದರೂ ನನಗಿಂತ ನೆಟ್ಟಗೆ ಕೂತಳು. ಬಿಸಿ ರೊಟ್ಟಿ ಮಾಡಿದೆ. ಮೊದಲ ರೊಟ್ಟಿ ಯಾರ ತಾಟಿಗೆ ಹಾಕುವುದೆಂದು ನನ್ನ ಕೈ ಒಂದು ಕ್ಷಣ ತಡೆಯಿತು. ಅತಿಥಿಗೆ ಹಾಕದೆ ವಿಧಿಯಿಲ್ಲ. ಊಟ ಮುಗಿಯುತ್ತ ಬಂದಾಗ ಎದ್ದು ಹೋಗಿ ಕಪಾಟಿನಿಂದ ಆ ಕಟ್ಟಿಗೆಯ ತುಂಡನ್ನು ತಂದು ಅವಳ ತಾಟಿನ ಮಗ್ಗುಲಿಗೆ ಇಟ್ಟೆ. ಗುರುತು ಸಿಕ್ಕಿತೇನು ಎಂದೆ. ಸಿಕ್ಕಿತು ಎಂದಳು. ಅಲ್ಲಿಂದ ನಾನು ಶುರು ಮಾಡಿದವಳು ಎರಡು ದಾರಿಯ ಪಾಠವನ್ನು ಪೂರಾ ಒಪ್ಪಿಸಿದೆ. ನೀರು ಹೇಗೆ ಏರುತ್ತದೆ, ಸಕ್ಕರೆ ಹೇಗೆ ಇಳಿಯುತ್ತದೆ, ತಂತಿ ಯಾವುದನ್ನು ತಡೆಯಿತು, ಬೇರಿಗೆ ಅನ್ನ ಹಾಕಿದ್ದು ಯಾರ ಟೊಂಗೆ. ಕೊನೆಯ ಮಾತನ್ನು ಬಹಳ ವರ್ಷಗಳಿಂದ ತಯಾರು ಮಾಡಿ ಇಟ್ಟಿದ್ದೆ.

“ನಿನಗ ಕೈಗುಣ ಇರಲಿಲ್ಲ ನೀಲಾ. ಎಲ್ಲಾ ನಿನಗ ಬರತಿತ್ತು, ನಿನ್ನ ಕಡಿಂದ ಏನೂ ಕೆಳಗ ಇಳೀತಿರಲಿಲ್ಲ. ಅಷ್ಟ.”

ಅವಳು ಎಡಗೈಯ ಹೆಬ್ಬೆರಳಿನಿಂದ ಆ ಉಬ್ಬನ್ನು ಸವರುತ್ತ ಕೂತಳು. ಅವಳ ಮುಖ ಸೋತದ್ದನ್ನು ನೋಡಲು ನಾನು ಕಾಯುತ್ತಿದ್ದೆ.

“ಖರೇ ಐತಿ,” ಎಂದಳು. “ಶಕ್ಕೂ, ನಿಮ್ಮ ಮನ್ಯಾಗ ನನಗ ಯಾರೂ ಒಮ್ಮೆನೂ ಬೈಲಿಲ್ಲ.”

“ಅದನ್ನ ಹೇಳಾಕತ್ತೇನಿ. ಬೈಗಳಾ ಎಲ್ಲಾ ನನಗ.”

“ತಾಟು ತೊಳೀತೇನಿ ಅಂದ್ರ ಕಸಗೋತಿದ್ರಿ. ಕಸಬರಗಿ ಹಿಡದ್ರ ಕಸಗೋತಿದ್ರಿ. ಹಣ್ಣು ಕೊಟ್ರ ಯಾರೂ ತಿನ್ನತಿರಲಿಲ್ಲ. ಆಯಿ ನಿನಗ ಬೈಯೂ ಮುಂದ ನಾ ಕಂಬದ ಹತ್ರ ನಿಂತು ಕೇಳತಿದ್ದೆ. ನನಗೂ ಒಂದ ಸಲ ಬೈಲಿ ಅನಸತಿತ್ತು. ಬೈದಿದ್ರ ಇದು ನನ್ನ ಮನಿ ಅಂತ ತಿಳಕೊಂಡು ಇದ್ದು ಬಿಡತಿದ್ದೆ. ನಮ್ಮ ಅಪ್ಪ ಕರ್ಯಾಕ ಬಂದಾಗ, ನಾ ಬರೂದಿಲ್ಲ ಅನ್ನಾಕ ನನಗ ಯಾವ ಹಕ್ಕಿತ್ತು ಹೇಳು. ಬಂದ ದಿವಸದಿಂದ ಟ್ರಂಕ ತುಂಬಿ ಇಟಗೊಂಡಿದ್ದೆ.”

ತುಂಡನ್ನು ನನ್ನ ಕಡೆ ಸರಿಸಿದಳು.

“ನಿನ್ನ ನೋಡಿ ಭಾಳ ಹೊಟ್ಟಿಕಿಚ್ಚು ಪಡತಿದ್ದೆ ನಾ.”

ನನಗೆ ಏನನಿಸಿತೆಂದು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮೊದಲು ಸಿಟ್ಟು ಬಂತು. ಇಷ್ಟು ವರ್ಷ ಕಾಯ್ದು ಕೊನೆಗೂ ನಾನು ಗೆದ್ದ ಒಂದು ಜಗಳವನ್ನು ಅವಳು ನಾಲ್ಕು ಮಾತಿನಲ್ಲಿ ತನ್ನದು ಮಾಡಿಕೊಂಡಿದ್ದಳು. ಹೊಟ್ಟೆಕಿಚ್ಚು ನನ್ನದು, ನನ್ನೊಬ್ಬಳದೇ ಎಂದುಕೊಂಡಿದ್ದೆ. ಅದರಲ್ಲೂ ಅವಳಿಗೆ ಪಾಲು. ಆಮೇಲೆ ಕಂಬಕ್ಕೆ ಒರಗಿ ನಿಂತ ಆ ಹುಡುಗಿ ಕಣ್ಣಿಗೆ ಕಟ್ಟಿದಳು. ಕೈಯಲ್ಲಿ ಏನೂ ಇಲ್ಲದ ಹುಡುಗಿ.

ನೀಲಾ ಎದ್ದು ತಾಟುಗಳನ್ನು ಒಂದರ ಮೇಲೊಂದು ಇಟ್ಟುಕೊಂಡಳು, ಮೊಸರಿನ ಬೋಗುಣಿಯನ್ನೂ ಎತ್ತಿಕೊಂಡಳು. ‘ನೀ ಬಿಡವಾ’ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಆಯಿಯ ದನಿಯಲ್ಲೇ ಬಂದಿತ್ತು. ನುಂಗಿದೆ. ಅವಳು ಅಡಿಗೆಮನೆಯ ನಳದ ಕೆಳಗೆ ಎಲ್ಲ ತೊಳೆದು ಒಂದೊಂದಾಗಿ ಬೋರಲು ಹಾಕಿದಳು. ನಾನು ಹಿಂದೆ ಹೋಗಿ ನಿಂತು ಬೋಗುಣಿಯನ್ನು ಎತ್ತಿ ಬೆರಳಿನಿಂದ ಅಂಚು ಸವರಿ ನೋಡಿದೆ.

“ಇದೇನ ತೊಳದಿ? ಜಿಡ್ಡು ಹಂಗ ಐತಿ ನೋಡು. ಇಷ್ಟ ವಯಸ್ಸಾತು, ಒಂದ ಬೋಗುಣಿ ನೆಟ್ಟಗ ತೊಳ್ಯಾಕ ಬರೂದಿಲ್ಲೇನ ನಿನಗ? ತಗೋ, ಮತ್ತೊಮ್ಮೆ ತೊಳಿ.”

ಅವಳು ತಿರುಗಿ ನೋಡಲಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚಿ ಬೋಗುಣಿ ಇಸಿದುಕೊಂಡಳು. ನಳ ಬಹಳ ಹೊತ್ತು ಹರಿಯಿತು. ನಡುವೆ ಒಂದು ಸಲ ಸೆರಗಿನಿಂದ ಮುಖ ಒರೆಸಿಕೊಂಡಳು, ಮತ್ತೆ ಉಜ್ಜಿದಳು. ಕೊನೆಗೆ ನನ್ನ ಕೈಗೆ ಕೊಟ್ಟಳು.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾನು ದಿನಾ ತೊಳೆಯುವುದಕ್ಕಿಂತ ಛಲೋ ಹೊಳೆಯುತ್ತಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.